ನಲವತ್ತರ ಗೀರು

ಕಾರು ಕೆಟ್ಟದ್ದಕ್ಕೆ ಹೆಂಡತಿಯೇ ಕಾರಣ ಎಂದು ಗಣಿತದ ಮೇಷ್ಟ್ರು ತೀರ್ಪು ಕೊಟ್ಟು ಮೂರು ದಿನವಾಗಿತ್ತು. (ವಿಚಾರಣೆ ಆಮೇಲೆ ಮಾಡಿದರಾಯಿತು ಎಂದುಕೊಂಡಿದ್ದರು.) ಇಪ್ಪತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಕಾರು! ಈಗ ನಲವತ್ತು ಕಿಲೋಮೀಟರ್ ವೇಗ ಮುಟ್ಟಿದರೆ ಸಾಕು, ಬಿಕ್ಕಳಿಸುತ್ತದೆ, ಮುಗ್ಗರಿಸುತ್ತದೆ, ನಡುಬೀದಿಯಲ್ಲಿ ಮೇಷ್ಟ್ರ ಮಾನ ಹರಾಜು ಹಾಕುತ್ತದೆ.

"ತಿಂಗಳಿಗೊಂದು ಸಲ ನಿಮ್ಮಕ್ಕನ ಮನೆಗೆ ಅಂತ ಕಾರು ಹಾರಿಸ್ಕೊಂಡು ಹೋಗ್ತೀಯಲ್ಲ, ಅದರ ಫಲ ಕಣೇ ಇದು!"

"ಹಾರಿಸದೆ ಇನ್ನೇನು? ನಿಮ್ಮ ಪಕ್ಕ ಕೂತ್ರೆ ಸೈಕಲ್ಲೂ ಮುಂದೆ ಹೋಗತ್ತೆ. ಸ್ವಲ್ಪ ಬೇಗ ಹೋಗಿ ಅಂದ್ರೆ, 'ಓಡಿಸೋರ ಪಕ್ಕ ಕೂತೋರು ಬಾಯಿ ಬಿಡಬಾರದು' ಅಂತ ಪಾಠ ಬೇರೆ! ಆಗಲಿ, ನನ್ನಿಂದ ಕೆಟ್ಟಿದೆ ಅಂತ ಮೆಕ್ಯಾನಿಕ್ ಹೇಳಿದ್ರೆ ಕೀ ಮುಟ್ಟಲ್ಲ. ನಿಮ್ಮಿಂದ ಅಂದ್ರೆ?"

"ನನ್ನಿಂದ್ಲಾ? ಹಾಗಂದ್ರೆ ಕೀ ನಿಂದೇ, ತಗೋ!"

ಕೊಡಬೇಕಾದೀತೆಂಬ ಭಯವಿಲ್ಲದಾಗ ಯಾರು ಬೇಕಾದರೂ ದಾನಶೂರ ಕರ್ಣನಾಗಬಹುದು.

ಮೆಕ್ಯಾನಿಕ್ ಬಂದ. ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಸೆನ್ಸರನ್ನು ಮೀಟರಿಗೆ ಸಿಕ್ಕಿಸಿ, ಅದರೊಳಗಿನ ಪುಟ್ಟ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದ. ಮೀಟರಿನ ಮುಳ್ಳು ಸರಾಗವಾಗಿ ಏರಿ, ನಡುವೆ ಒಂದು ಕಡೆ ದೊಪ್ಪನೆ ಬಿದ್ದು, ಮತ್ತೆ ಏರಿತು. ಇನ್ನೊಮ್ಮೆ ತಳ್ಳಿದರೂ ಅದೇ ಜಾಗದಲ್ಲಿ ಬಿತ್ತು. ಅವನು ಸೆನ್ಸರಿನ ಮುಚ್ಚಳ ಬಿಚ್ಚಿದ.

"ಬಾಗಿಲ ಜೊತೆ ಈ ಕಡ್ಡಿ ಓಡಾಡೋ ಪಟ್ಟಿ ಸವೆದಿದೆ ಸಾರ್. ಈ ಜಾಗಕ್ಕೆ ಬಂದಾಗ ಗಾಳಿ ಎಷ್ಟು ಅಂತ ಗೊತ್ತಾಗಲ್ಲ, ಪೆಟ್ರೋಲ್ ಲೆಕ್ಕ ತಪ್ಪತ್ತೆ."

"ನಾನು ಹೇಳಲಿಲ್ವಾ! ಜೋರಾಗಿ ಓಡಿಸಿ ಓಡಿಸಿ..."

"ಜೋರಾಗಿ ಓಡಿಸಿದ್ರೆ ಆ ತುದಿ ಸವೀಬೇಕಿತ್ತು. ಅದು ಹೊಸದರ ಹಾಗಿದೆ ನೋಡಿ." ಕಪ್ಪು ಪಟ್ಟಿಯ ಮೇಲಿದ್ದ ಒಂದೇ ಒಂದು ಗೀರನ್ನು ಅವನು ತೋರಿಸಿದ. "ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಒಂದೇ ಸ್ಪೀಡಲ್ಲಿ ಓಡಿಸಿದಾರೆ. ನಲವತ್ತು ಇರಬೇಕು."

ಪುಣ್ಯಾತ್ಮರು ಕೆಮ್ಮಿದರು. ನಲವತ್ತೊಂದಾದರೆ ಪೆಟ್ರೋಲು ಪೋಲು ಎಂಬ ಮಹಾಸಿದ್ಧಾಂತವನ್ನು ಇಪ್ಪತ್ತು ವರ್ಷ ಮಂಡಿಸಿದವರು ಅವರೇ. ಹೆಂಡತಿ ಕೈ ಚಾಚಿದಳು. ಮೇಷ್ಟ್ರ ಜೇಬಿನಿಂದ ಕೀ ಹೊರಬರುವಷ್ಟರಲ್ಲಿ ಮೆಕ್ಯಾನಿಕ್, ಸೆನ್ಸರಿನ ಕಡ್ಡಿ ಪಟ್ಟಿಯ ಸವೆಯದ ಭಾಗದ ಮೇಲೆ ಓಡುವಂತೆ ಕೂದಲೆಳೆಯಷ್ಟು ಸರಿಸಿ ಮುಚ್ಚಳ ಹಾಕಿದ್ದ.

"ಅಕ್ಕ, ನೀವೇ ಓಡಿಸಿ. ಹಾಗಾದ್ರೂ ಪಟ್ಟಿ ಸಮನಾಗಿ ಸವೀಲಿ."

ಕಾರು ನಲವತ್ತು ದಾಟಿತು. ಐವತ್ತಾಯಿತು, ಅರವತ್ತಾಯಿತು. ಮೇಷ್ಟ್ರು ತಮ್ಮ ಕಾಲ ಕೆಳಗೆ ಇಲ್ಲದ ಬ್ರೇಕನ್ನು ಬಲವಾಗಿ ಒತ್ತಿದರು.

"ಮೆಲ್ಲಗೆ ಕಣೇ, ತಿರುವು ಬಂತು!"

"ರೀ, ಓಡಿಸೋರ ಪಕ್ಕ ಕೂತೋರು?"

"...ಬಾಯಿ ಬಿಡಬಾರದು," ಎಂದರು ಮೇಷ್ಟ್ರು.

ಅಕ್ಕನ ಮನೆ ತಲುಪುವವರೆಗೂ ಕಾರು ಒಮ್ಮೆಯೂ ಬಿಕ್ಕಳಿಸಲಿಲ್ಲ. ಬಿಕ್ಕಳಿಸಿದ್ದು ಮೇಷ್ಟ್ರು.