ತಿನ್ನುವವರ ಮನೆಗೆ ಒಂದು ಮರಿ

ಇಂದ:
ಧರಣಪ್ಪ, ಜವಳಿ ವ್ಯಾಪಾರಿ,
ಬಸ್ತಿಹಳ್ಳಿ, ಹಳೇಬೀಡು ಹೋಬಳಿ.

ಗೆ:
ಅಮಲ್ದಾರ್ ಸಾಹೇಬರು,
ತಾಲ್ಲೂಕು ಕಚೇರಿ, ಬೇಲೂರು.

ತಾರೀಖು: ೧೨ನೇ ಆಗಸ್ಟ್ ೧೯೩೭

ವಿಷಯ: ಸೀಮೆ ಜಾತಿಯ ನಾಯಿಮರಿಯೊಂದನ್ನು ಮಾಂಸ ಬೇಯುವ ಮನೆಗೆ ಕಳಿಸಲು ಮೊಹರಿನ ಕಾಗದ ಕೋರಿ.

ಉಲ್ಲೇಖ: ೧. ಕಳೆದ ಗುರುವಾರ ತಳವಾರ ಹನುಮಯ್ಯ ಹೊಡೆದ ತಮಟೆ (ತಪ್ಪು).
೨. ಮಾರನೆಯ ದಿನದ ತಮಟೆ (ತಿದ್ದುಪಡಿ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ).

ಮಾನ್ಯರೇ,

ಅರ್ಜಿದಾರನಾದ ಧರಣಪ್ಪನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಅರ್ಜಿದಾರನು ಕಳೆದ ಚೈತ್ರದಲ್ಲಿ ಜವಳಿ ಮೂಟೆ ಬಿಡಿಸಿಕೊಳ್ಳಲು ಅರಸೀಕೆರೆ ಸ್ಟೇಷನ್ನಿಗೆ ಹೋಗಿದ್ದನು. ಅಲ್ಲಿ ಕಂಬಕ್ಕೆ ಒಂದು ನಾಯಿಮರಿಯನ್ನು ಕಟ್ಟಿಹಾಕಿದ್ದರು. ಬಿಕ್ಕೋಡು ಕಡೆಯ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬರು ತೋಟ ಮಾರಿ ಸೀಮೆಗೆ ಹೊರಟವರು, ರೈಲು ಹತ್ತುವಾಗ ಬಿಟ್ಟುಹೋದರೆಂದು ಕೂಲಿಗಳು ಹೇಳಿದರು. ಮೂರು ದಿನದಿಂದ ಅದಕ್ಕೆ ಬರೀ ನೀರು. ಬೀದಿನಾಯಿ ಹೊಡೆಯುವವರು ನಾಳೆ ಬರುತ್ತಾರೆಂದೂ ಹೇಳಿದರು. ಅರ್ಜಿದಾರನು ಜೈನ. ಕಾರಣ, ಮೂಟೆಯನ್ನು ಅಲ್ಲೇ ಬಿಟ್ಟು ಮರಿಯನ್ನು ತಂದನು. ಬಸ್ಸಿನಲ್ಲಿ ಅದು ಅರ್ಜಿದಾರನ ಶಲ್ಯದೊಳಗೆ ಕುಳಿತು ಬಂದಿತೆಂದರೆ ಈಗ ಯಾರೂ ನಂಬುವುದಿಲ್ಲ.

೨. ಅರ್ಜಿದಾರನ ಹೆಂಡತಿ ರಾಜಮತಿ ಅದಕ್ಕೆ ಪುಟ್ಟ ಎಂದು ಹೆಸರಿಟ್ಟಳು. ಈಗ ಅದು ಎದ್ದು ನಿಂತರೆ ಗಲ್ಲಾಪೆಟ್ಟಿಗೆಯ ಮೇಲಿನಿಂದ ಗಿರಾಕಿಗಳ ಮುಖ ನೋಡುತ್ತದೆ. ಗಿರಾಕಿಗಳು ಅದರ ಮುಖ ನೋಡಲು ನಿಲ್ಲುವುದಿಲ್ಲ. ಆದರೂ ಹೆಸರು ಬದಲಿಸುವ ಕಾಲ ಮೀರಿದೆ.

೩. ಆಹಾರ: ಬೆಳಿಗ್ಗೆ ಹಾಲನ್ನ, ಸಂಜೆ ತುಪ್ಪ ಹಾಕಿದ ರಾಗಿ ಅಂಬಲಿ. ಹೊತ್ತು ಮುಳುಗಿದ ಮೇಲೆ ಉಣ್ಣುವ ಪದ್ಧತಿ ಈ ಮನೆಯಲ್ಲಿ ಮನುಷ್ಯರಿಗೇ ಇಲ್ಲವಾದ್ದರಿಂದ ನಾಯಿಗೂ ಇಲ್ಲ. ಈ ಬಗ್ಗೆ ಪುಟ್ಟನ ಅಭಿಪ್ರಾಯವನ್ನು ದೀಪ ಹಚ್ಚಿದ ಮೇಲೆ ಹಳೇಬೀಡಿನವರೆಗೂ ಕೇಳಬಹುದು.

೪. ಆಷಾಢದಲ್ಲಿ ಅದರ ಎಡ ಮುಂಗಾಲು ಹೊರಕ್ಕೆ ಬಾಗತೊಡಗಿತು. ದನದ ಡಾಕ್ಟರಿಗೆ ತೋರಿಸಲಾಗಿ, ಇದು ದೊಡ್ಡ ಜಾತಿ, ಮೂಳೆ ಬಲಿಯುವ ಕಾಲ, ಮಾಂಸ ಮೂಳೆ ಸಿಗದೆ ಹೋದರೆ ಒಂದು ತಿಂಗಳಲ್ಲಿ ಕಾಲು ಪೂರಾ ಸೊಟ್ಟಗಾಗಿ ಮತ್ತೆ ನೆಟ್ಟಗಾಗದು ಎಂದರು. ಹಾಲು ತುಪ್ಪ ಸಾಲದೇ, ಅರ್ಜಿದಾರನ ಐವತ್ತೆರಡು ವರ್ಷದ ಮೂಳೆ ಅದರಲ್ಲೇ ಬಲಿತದ್ದಲ್ಲವೇ ಎಂದು ಅರ್ಜಿದಾರನು ವಾದಿಸಿದನು. ಡಾಕ್ಟರು ಅರ್ಜಿದಾರನ ಕಾಲುಗಳನ್ನೊಮ್ಮೆ ನೋಡಿ ಚೀಟಿ ಬರೆದರು.

೫. ಮನೆಗೆ ಬಂದು ಅರ್ಜಿದಾರನು ಧರ್ಮದ ವಿಚಾರವಾಗಿ ಸಾಕಷ್ಟು ಹೊತ್ತು ಮಾತನಾಡಿದನು. ರಾಜಮತಿ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿದಳು. ಕೊನೆಗೆ, "ನಮ್ಗೆ ಪುಣ್ಯ ಬರೋದಕ್ಕೆ ಅದರ ಕಾಲು ಯಾಕ್ರೀ ಹೋಗ್ಬೇಕು?" ಎಂದಳು. ಪುಟ್ಟನನ್ನು ಅಂಥದ್ದು ಬೇಯುವ ಮನೆಗೆ ಕೊಡುವುದೆಂದು ಅಂದೇ ತೀರ್ಮಾನವಾಯಿತು.

೬. ಆದ್ದರಿಂದ ತಮಟೆ. ವಿಷಯದ ಸಾಲಿನಲ್ಲಿಯೂ ಡಾಕ್ಟರ ಮಾತಿನಲ್ಲಿಯೂ ಇರುವ ಆ ಶಬ್ದವನ್ನು ಅರ್ಜಿದಾರನು ಬಾಯಿಂದ ಆಡಿದವನಲ್ಲ. ಬರೆಯುವುದಕ್ಕೇ ಮೂರು ಹಾಳೆ ಕೆಟ್ಟಿವೆ. ಆದ ಕಾರಣ, ಊರಿನವರು ಮರ್ಯಾದೆಗೆ ಹೇಳುವಂತೆ "ತಿನ್ನುವವರು" ಎಂದು ಹನುಮಯ್ಯನಿಗೆ ಹೇಳಿಕೊಟ್ಟನು. ಹನುಮಯ್ಯ ಊರೂರು ಸಾರಿದ್ದು ಹೀಗೆ: "ಧರಣಪ್ಪನೋರ ಮನೇಲಿ ಮರಿ ಐತೆ, ತಿನ್ನೋರು ಬಂದು ಸುಮ್ನೆ ತಗಂಡೋಗ್ಬೋದು." ನಾಯಿ ಎಂದು ಅರ್ಜಿದಾರನೂ ಹೇಳಲಿಲ್ಲ, ಹನುಮಯ್ಯನೂ ಕೇಳಲಿಲ್ಲ. ನಮ್ಮ ಕಡೆ ಬರಿಯ ಮರಿ ಎಂದರೆ ಕುರಿಯದು ಎಂಬುದು ಅರ್ಜಿದಾರನಿಗೆ ಹೊಳೆದದ್ದು, ಬೆಳಗಾಗುತ್ತಲೇ ಹದಿನಾಲ್ಕು ಜನ ಕತ್ತಿ, ಕುಕ್ಕೆ ಹಿಡಿದು ಬಾಗಿಲಲ್ಲಿ ಸಾಲಾಗಿ ನಿಂತಾಗ. ಅವರಲ್ಲೊಬ್ಬಾಕೆ ಮಸಾಲೆ ಅರೆದಿಟ್ಟೇ ಬಂದಿದ್ದಳು. ಬಸದಿಯಿಂದ ಬರುತ್ತಿದ್ದ ನಮ್ಮವರಲ್ಲಿ ಹಿರಿಯರಾದ ಬ್ರಹ್ಮಪ್ಪನವರು ಈ ಸಾಲನ್ನು ಕಂಡು, ಅಂದಿನಿಂದ ಅರ್ಜಿದಾರನೊಡನೆ ಮಾತು ಬಿಟ್ಟಿದ್ದಾರೆ. ಅದು ಬೇರೆ ಅರ್ಜಿಯ ವಿಷಯ.

೭. ಪುಟ್ಟ ಹೊರಗೆ ಬಂದೊಡನೆ ಹದಿಮೂರು ಜನ ಹೊರಟುಹೋದರು. ಉಳಿದವಳು ಆ ಮಸಾಲೆಯಾಕೆ, ಪಕ್ಕದ ಹಳ್ಳಿಯಲ್ಲಿ ಕುರಿ ಸಾಕುವ ಬೀರಮ್ಮ. "ಇದು ಮರಿಯಾ ಸ್ವಾಮಿ? ನಮ್ಮನ್ನೇ ತಿನ್ನೋ ಹಂಗೈತೆ" ಎಂದಳು. ಆಮೇಲೆ ಯಾರೂ ಹೇಳದೆ ಜಗುಲಿಯ ಕೆಳಗೆ ಕುಳಿತು, ಬಾಗಿದ ಕಾಲನ್ನು ಮಡಿಲಿಗೆ ಎಳೆದುಕೊಂಡು ನೀವಿದಳು. ಪುಟ್ಟ ಅವಳ ಕೈ ನೆಕ್ಕಿತು. ಮಸಾಲೆಯ ವಾಸನೆಗೆ ಎಂದು ಅರ್ಜಿದಾರನ ಅಭಿಪ್ರಾಯ; ಅಲ್ಲವೆಂದು ರಾಜಮತಿಯದು. ಸಾಕುತ್ತೀಯಾ ಎಂದು ರಾಜಮತಿ ಕೇಳಿದ್ದಕ್ಕೆ ಬೀರಮ್ಮ ಹೇಳಿದ್ದು: "ನಮ್ಮನೇಲಿ ಮೂಳೆಗೇನು ಬರ ಇಲ್ಲ ಕಣವ್ವ. ಆದ್ರೆ ಸೀಮೆ ನಾಯಿ ನಮ್ಮಂತೋರ ಹಟ್ಟೀಲಿ ಕಂಡ್ರೆ, ಕದ್ದವ್ಳೆ ಅಂತ ದಫೇದಾರ ಬತ್ತಾನೆ. ಮೊಹರಿರೋ ಒಂದ್ ಕಾಗ್ದ ಕೊಡ್ಸಿ, ಅವತ್ತೇ ಕರ್ಕಂಡೋಯ್ತೀನಿ."

೮. ನಾಯಿಗೆ ಕಾಗದ ಬರೆಯುವ ಪದ್ಧತಿ ಇಲ್ಲವೆಂದು ಪಟೇಲರು ಹೇಳಿದರು. ಎಮ್ಮೆಗರುವೆಂದಾದರೆ ಬರೆದುಕೊಟ್ಟೇನೆಂದು ಶಾನುಭೋಗರು ಹೇಳಿದರು. ಅರ್ಜಿದಾರನಿಗೆ ಸುಳ್ಳೂ ನಿಷಿದ್ಧ. ಡಾಕ್ಟರು ಹೇಳಿದ ತಿಂಗಳಲ್ಲಿ ಹನ್ನೊಂದು ದಿನ ಕಳೆದಿವೆ.

ಕಾರಣ, ಮತ್ತು ಮೇಲ್ಕಂಡ ಕಾರಣಗಳೆಲ್ಲದರ ಕಾರಣ, ಪುಟ್ಟ ಎಂಬ ನಾಯಿ ಕದ್ದದ್ದಲ್ಲ, ಕೊಟ್ಟದ್ದು ಎಂದು ಒಂದು ಸಾಲು ಬರೆಸಿ, ಮೊಹರು ಒತ್ತಿಸಿ, ಬೀರಮ್ಮನ ಕೈಗೆ ಕೊಡಿಸಬೇಕು.

ಇಂತೀ ತಮ್ಮ ವಿಶ್ವಾಸಿಯೂ, ಸದ್ಯಕ್ಕೆ ಬಸದಿಯ ಬೀದಿಯಲ್ಲಿ ತಲೆಯೆತ್ತಿ ನಡೆಯಲಾರದವನೂ ಆದ,
ಧರಣಪ್ಪ

ಲಗತ್ತು:
೧. ದನದ ಡಾಕ್ಟರ ಚೀಟಿ.
೨. ಬೀರಮ್ಮನ ಹೆಬ್ಬೆಟ್ಟಿನ ಒಪ್ಪಿಗೆ. (ಪಕ್ಕದಲ್ಲಿರುವ ದೊಡ್ಡ ಗುರುತು ಪುಟ್ಟನದು, ಶಾಯಿ ಚೆಲ್ಲಿತ್ತು.)
೩. ನಾಯಿ, ಒಂದು. ಕಚೇರಿಯ ಹೊರಗೆ ಬೀರಮ್ಮನ ಪಕ್ಕದಲ್ಲಿ ಕುಳಿತಿದೆ. ಜವಾನರು ಹೆದರಬೇಕಾಗಿಲ್ಲ.

ಷರಾ: ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು ವರದಿ ಒಪ್ಪಿಸಲು ಬೀರಮ್ಮ ಒಪ್ಪಿರುತ್ತಾಳೆ. ಕಾಲು ಹೇಗಿದೆ, ಪುಟ್ಟ ಹೊಟ್ಟೆ ತುಂಬ ಉಂಡಿತೋ ಇಲ್ಲವೋ, ಇಷ್ಟನ್ನು ಮಾತ್ರ ಹೇಳತಕ್ಕದ್ದು. ಏನನ್ನು ಉಂಡಿತು ಎಂಬುದನ್ನು, ಅರ್ಜಿದಾರನೇ ಬಾಯಿಬಿಟ್ಟು ಕೇಳಿದರೂ, ಹೇಳಕೂಡದೆಂದು ಅದೇ ಕಾಗದದಲ್ಲಿ ಹುಕುಂ ಬರೆಸಬೇಕಾಗಿ ಪ್ರಾರ್ಥನೆ.