ಇದು ಪಾಠವಲ್ಲ, ಬರೆದುಕೊಳ್ಳಬೇಡಿ

ಸುಳ್ಳು ಹೇಳುವವರನ್ನು ಹಿಡಿಯುವುದು ಸುಲಭ. ನಿಜ ಹೇಳಿ ತಲೆ ಕೆಡಿಸುವವರನ್ನು ಏನು ಮಾಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ, ಮತ್ತು ವಾರಕ್ಕೊಬ್ಬರಾದರೂ ಅಂಥವರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬರುತ್ತಾರೆ.

ಆಫೀಸೆಂದರೆ ಸಹಕಾರನಗರದಲ್ಲಿ ಬೇಕರಿಯ ಮೇಲಿನ ಒಂದು ಕೋಣೆ. ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಅಲ್ಲಿಂದ ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲಿ ನೋಟ್ಸ್ ಕೊಡುವ ವೆಬ್‌ಸೈಟ್ ನಡೆಸುತ್ತಾರೆ. ಮಕ್ಕಳಿಗೆ ಎಲ್ಲವೂ ಉಚಿತ. ಸೈಟು ನಡೆಯುವುದು ಜಾಹೀರಾತಿನಿಂದ. ಗೋಡೆಯ ಮೇಲೆ ಮೇಷ್ಟ್ರು ಮೂರು ನಿಯಮ ಬರೆದು ಅಂಟಿಸಿದ್ದಾರೆ: ಸುಳ್ಳು ಹೇಳಬಾರದು, ಓದುವವರ ದಾರಿ ತಪ್ಪಿಸಬಾರದು, ಜಾಹೀರಾತನ್ನು ಪಾಠದಂತೆ ತೋರಿಸಬಾರದು. ಬಂದ ಜಾಹೀರಾತನ್ನು ಈ ಮೂರರ ಎದುರು ಇಟ್ಟು ನೋಡಿ ಹೂಂ ಅಥವಾ ಉಹೂಂ ಅನ್ನುವುದು ನನ್ನ ಕೆಲಸ. ಉಹೂಂ ಜಾಸ್ತಿಯಾದರೆ ಸೈಟು ಮುಚ್ಚುತ್ತದೆ, ನಾನು ಮನೆಗೆ ಹೋಗಬೇಕಾಗುತ್ತದೆ. ಮೇಷ್ಟ್ರಿಗೂ ಇದು ಗೊತ್ತು. "ಆದ್ರೂ ಉಹೂಂ ಅನ್ನೋದನ್ನ ಬಿಡ್ಬೇಡಿ" ಅನ್ನುತ್ತಾರೆ.

ನೂರಕ್ಕೆ ನೂರು

ಅಬ್ಬಿಗೆರೆಯಲ್ಲಿ ಮನೆಪಾಠ ಮಾಡುವವರೊಬ್ಬರು ‘ನೂರಕ್ಕೆ ನೂರು ಫಲಿತಾಂಶ’ ಎಂಬ ಜಾಹೀರಾತು ತಂದರು.

"ಹೋದ್ವರ್ಷ ಹತ್ತನೇ ಕ್ಲಾಸಿಗೆ ಎಷ್ಟು ಮಕ್ಕಳಿದ್ರು?" ಅಂದೆ.

"ಒಬ್ಳು ಸಾರ್."

"ಪಾಸಾದ್ಲಾ?"

"ಅದುಕ್ಕೇ ಅಲ್ವಾ ಸಾರ್ ಇಂಗೆ ಬರ್ದಿರೋದು. ನಮ್ ಮಗಳೇ ಅವಳು."

ನಾನು ಗೋಡೆ ನೋಡಿದೆ. ಮೊದಲನೇ ನಿಯಮ ಹೂಂ ಅನ್ನುತ್ತಿತ್ತು, ಎರಡನೆಯದು ಉಹೂಂ ಅನ್ನುತ್ತಿತ್ತು. ಮೇಷ್ಟ್ರನ್ನು ಕೇಳಿದರೆ, "ಇದ್ದದ್ದನ್ನ ಇದ್ದ ಹಾಗೆ ಬರೀಲಿ" ಅಂದರು. ಪಾಪ, ಅವರು ಹಾಗೇ ಬರೆದುಕೊಟ್ಟರು: ‘ಕಳೆದ ವರ್ಷ ಒಬ್ಬಳೇ ವಿದ್ಯಾರ್ಥಿನಿ. ಪಾಸಾಗಿದ್ದಾಳೆ. ನಮ್ಮ ಮಗಳು.’ ಇದನ್ನು ಓದಿ ಯಾರು ತಾನೇ ಬರುತ್ತಾರೆ ಎಂದು ನನಗೆ ಒಳಗೊಳಗೇ ಸಂಕಟ.

ಹದಿನೈದು ದಿನಕ್ಕೆ ಅವರ ಫೋನು ಬಂತು. "ಸಾರ್, ಜಾಹೀರಾತು ತೆಗ್ದುಬಿಡಿ. ಸ್ವಂತ ಮಗಳನ್ನೇ ಬೇರೆ ಕಡೆ ಕಳ್ಸಿಲ್ಲ ಅಂದ್ರೆ ಚೆನ್ನಾಗೇ ಏಳ್ಕೊಡ್ತಾನೆ ಅಂತ ಜನ ಮುಗಿಬಿದ್ರು. ಮನೇಲಿ ಮಕ್ಕಳನ್ನ ಕೂರ್ಸಕ್ಕೆ ಜಾಗ ಇಲ್ಲ."

ನಾವು ನಿಜ ಹೇಳಿಸಿದ್ದಕ್ಕೆ ಅವರಿಗೆ ಮನೆ ತುಂಬ ಮಕ್ಕಳು ಬಂದರು, ನಮ್ಮ ಕೈಯಲ್ಲಿದ್ದ ಎರಡು ಜಾಹೀರಾತಿನಲ್ಲಿ ಒಂದು ಹೋಯಿತು.

ಮೂರು ಕಡೆಯ ಹುಡುಗಿ

ಆಮೇಲೆ ಒಂದೇ ವಾರದಲ್ಲಿ ಮೂರು ಕೋಚಿಂಗ್ ಸೆಂಟರಿನವರು ಬಂದರು: ಆರ್.ಟಿ. ನಗರದವರು, ಹೆಬ್ಬಾಳದವರು, ಯಶವಂತಪುರದವರು. ಮೂರು ಜಾಹೀರಾತಿನಲ್ಲೂ ಒಬ್ಬಳೇ ಹುಡುಗಿಯ ಫೋಟೋ, ಅದೇ ಎರಡು ಜಡೆ, ಕೆಳಗೆ ‘ರ‍್ಯಾಂಕ್ ಗಳಿಸಿದ ನಮ್ಮ ವಿದ್ಯಾರ್ಥಿನಿ’. ಮೂವರೂ ದೇವರಾಣೆಗೂ ನಿಜ ಅಂದರು. ಯಾರನ್ನು ನಂಬಬೇಕೆಂದು ತಿಳಿಯದೆ ಹುಡುಗಿಯ ಮನೆಗೇ ಫೋನು ಮಾಡಿದೆ.

"ನೀನು ಮೂರೂ ಕಡೆ ಹೋಗಿದ್ಯೇನಮ್ಮಾ?"

"ಹೋಗಿದ್ದೆ ಅಂಕಲ್. ಒಂದ್ಕಡೆ ಡೆಮೋ ಕ್ಲಾಸು, ಒಂದ್ಕಡೆ ಮಾಡೆಲ್ ಟೆಸ್ಟು. ಇನ್ನೊಂದ್ಕಡೆ ಅರ್ಜಿಗೆ ಫೋಟೋ ಅಂಟಿಸಿ ವಾಪಸ್ ಬಂದ್ಬಿಟ್ವಿ."

"ಮತ್ತೆ ಓದಿದ್ದೆಲ್ಲಿ?"

"ಮನೇಲಿ."

ಅಷ್ಟರಲ್ಲಿ ಅವಳ ತಾಯಿ ಫೋನು ತೆಗೆದುಕೊಂಡರು. ಮಾತಿನಲ್ಲೇ ಗೊತ್ತಾಯಿತು, ಧಾರವಾಡದ ಕಡೆಯವರು. "ಹಂಗಾದ್ರ ನಮ್ಮ ಅಡಿಗಿಮನಿದೂ ಒಂದು ಜಾಹೀರಾತು ಹಾಕ್ರಿ. ಆಕಿ ಓದಿದ್ದು ಅಲ್ಲೇ. ನಾ ರೊಟ್ಟಿ ಬಡಿಯೂ ಮುಂದ ಕುಂತು ಪಾಠ ಒಪ್ಪಸ್ತಿದ್ಳು."

ಮೂವರಿಗೂ ಉಹೂಂ ಅಂದೆವು. ನಮ್ಮ ಕೈಯಲ್ಲಿ ಉಳಿದದ್ದು ಒಂದೇ ಜಾಹೀರಾತು.

ಕೆರೆ ಮತ್ತು ಛತ್ರಿ

ಅದು ಯಲಹಂಕದ ಒಂದು ಅಂಗಡಿಯದು: ‘ಶಾಲಾ ಬ್ಯಾಗು, ಛತ್ರಿ, ಊಟದ ಡಬ್ಬಿ ನಮ್ಮಲ್ಲಿ ದೊರೆಯುತ್ತವೆ.’ ಇದರಲ್ಲಿ ಯಾರಿಗೂ ಏನೂ ತೊಂದರೆ ಇಲ್ಲವೆಂದು ನೆಮ್ಮದಿಯಿಂದ ಎಲ್ಲ ಪಾಠಗಳ ನಡುವೆ ಹಾಕಿದೆವು. ಒಂದು ದಿನ ಹತ್ತಿರದ ಶಾಲೆಯೊಂದರ ಹೆಡ್‌ಮಿಸ್ ಫೋನು ಮಾಡಿ, ಮಕ್ಕಳ ನೋಟ್‌ಬುಕ್ಕಿನಿಂದ ಓದಿ ಹೇಳಿದರು: "‘ಕೆರೆಗಳಿಂದ ಅಂತರ್ಜಲ ಹೆಚ್ಚುತ್ತದೆ. ಶಾಲಾ ಬ್ಯಾಗು, ಛತ್ರಿ, ಊಟದ ಡಬ್ಬಿ ನಮ್ಮಲ್ಲಿ ದೊರೆಯುತ್ತವೆ. ಆದ್ದರಿಂದ ಕೆರೆಗಳನ್ನು ಉಳಿಸಬೇಕು.’ ಏನ್ರೀ ಇದು? ನಿಮ್ಮ ಸೈಟ್ ನೋಡ್ಕೊಂಡು ಬರೆದಿರೋದು. ಇನ್ನೊಂದ್ಸಲ ಹಿಂಗಾದ್ರೆ ಇಲಾಖೆಗೆ ದೂರು ಬರೀತೀನಿ."

ದೂರು ಹೋದರೆ ಯಾವ ಶಾಲೆಯೂ ನಮ್ಮತ್ತ ತಿರುಗಿ ನೋಡುವುದಿಲ್ಲ. ನನಗೆ ನಿಜವಾಗಿ ಭಯವಾಯಿತು. ಅವತ್ತೇ ಆ ಜಾಹೀರಾತಿನ ಸುತ್ತ ಗೆರೆ ಎಳೆದು, ಮೇಲೆ ದಪ್ಪ ಅಕ್ಷರದಲ್ಲಿ ‘ಜಾಹೀರಾತು’ ಎಂದೂ ಕೆಳಗೆ ‘ಇದು ಪಾಠವಲ್ಲ, ಬರೆದುಕೊಳ್ಳಬೇಡಿ’ ಎಂದೂ ಸೇರಿಸಿದೆವು.

ಮುಂದಿನ ವಾರ ಹೆಡ್‌ಮಿಸ್ ನಮ್ಮಿಬ್ಬರನ್ನೂ ಶಾಲೆಗೇ ಕರೆಸಿದರು. ಮೇಜಿನ ಮೇಲೆ ನೋಟ್‌ಬುಕ್ಕುಗಳ ರಾಶಿ, ಪಕ್ಕದಲ್ಲಿ ಬರೆದಿಟ್ಟ ದೂರು. ಈ ಸಲದ ಪಾಠ ವಾಯುಮಾಲಿನ್ಯ. ನಡುವೆ ‘ಜಾಹೀರಾತು’ ಎಂಬ ಉಪಶೀರ್ಷಿಕೆ, ಅದಕ್ಕೆ ಕೆಂಪು ಶಾಯಿಯ ಗೆರೆ. ಕೆಳಗೆ ಬ್ಯಾಗು, ಛತ್ರಿ, ಡಬ್ಬಿ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ‘ಇದು ಪಾಠವಲ್ಲ, ಬರೆದುಕೊಳ್ಳಬೇಡಿ.’ ಎಲ್ಲದಕ್ಕೂ ಕ್ಲಾಸ್ ಮಿಸ್ ರೈಟ್ ಹಾಕಿದ್ದರು.

ಮೇಷ್ಟ್ರು ಒಂದೊಂದೇ ಪುಸ್ತಕ ತಿರುವುತ್ತ ಹೋದರು. ಒಂದರಲ್ಲಿ ಜಾಹೀರಾತು ಇರಲಿಲ್ಲ. ಅವರ ಮುಖ ಅರಳಿತು. "ನೋಡಿ ಮೇಡಂ, ಒಬ್ಬಳಿಗಾದ್ರೂ ಅರ್ಥ ಆಗಿದೆ. ಆ ಮಗೂನ ಕರೆಸಿ."

ಹುಡುಗಿ ಬಂದಳು. "ನೀನ್ಯಾಕಮ್ಮ ಜಾಹೀರಾತು ಬರೀಲಿಲ್ಲ?" ಅಂದರು ಮೇಷ್ಟ್ರು, ತುಂಬ ಪ್ರೀತಿಯಿಂದ.

"ಮಿಸ್ ನೋಟ್ಸ್ ಹೇಳಿ ಬರೆಸಿದ ದಿನ ನಾನು ಬಂದಿರ್ಲಿಲ್ಲ ಸಾರ್. ಪಠ್ಯಪುಸ್ತಕ ನೋಡ್ಕೊಂಡು ಬರ್ದೆ."

ಬಾಗಿಲ ಬಳಿ ನಿಂತಿದ್ದ ಕ್ಲಾಸ್ ಮಿಸ್ ಕಡೆ ಎಲ್ಲರೂ ತಿರುಗಿದೆವು.

"ಮೊಬೈಲ್ ನೋಡ್ಕೊಂಡು ನೀವೇ ಬರೆಸಿದ್ರಾ?" ಎಂದು ಹೆಡ್‌ಮಿಸ್ ಮೆಲ್ಲಗೆ ಕೇಳಿದರು.

"ಹೂಂ ಮೇಡಂ. ಆದ್ರೆ ‘ಬರೆದುಕೊಳ್ಳಬೇಡಿ’ ಅಂತ ನಾನೇ ಬಿಡಿಸಿ ಬಿಡಿಸಿ ಹೇಳ್ದೆ. ಈ ಮಕ್ಕಳು ಅದನ್ನೂ ಬರ್ಕೊಂಡಿದಾರೆ."

ಹೆಡ್‌ಮಿಸ್ ಆ ದೂರನ್ನು ನಾಲ್ಕಾಗಿ ಮಡಚಿ ಡ್ರಾಯರಿನೊಳಗೆ ಹಾಕಿ, "ಕಾಫಿ ತಗೋತೀರಾ ಸಾರ್?" ಅಂದರು.