ಕೆಂಪು ಮೊಟ್ಟೆಯ ಮರ್ಯಾದೆ

"ಬಣ್ಣ ಅಂತ ಒಂದಿದ್ರೆ ಅದು ನನ್ನ ಮಾತು ಕೇಳಲೇಬೇಕು!" ಎಂದು ಅವಿನಾಶಿಯ ನೇಕಾರರ ಬೀದಿಗೆಲ್ಲ ಸಾರಿದವನು ನೂಲಿಗೆ ಬಣ್ಣ ಹಾಕುವ ಅಯ್ಯಾಸಾಮಿ. ೧೯೩೬ರ ಈಸ್ಟರ್ ಹಬ್ಬಕ್ಕೆ ಕೊಯಮತ್ತೂರಿನ ಮಿಲ್ಲು ದೊರೆಸಾನಿ ಒಂದು ಬುಟ್ಟಿ ಕೋಳಿಮೊಟ್ಟೆ ಕಳಿಸಿ, ಕೆಂಪು ಬಣ್ಣ ಹಾಕಿಸಿ ತರಲು ಹೇಳಿದ್ದಳು. ಬಂಗಲೆಯ ಹಬ್ಬಕ್ಕೆ ಅವನಿಗೂ ಕರೆ! ಆದರೆ ಅವನದು ಮಾಂಸದ ವಾಸನೆಯೂ ಸುಳಿಯದ ಬೀದಿ.

ಹೆಂಡತಿ ಪೆರಿಯನಾಯಕಿ ಬಾಗಿಲಿಗೆ ಅಡ್ಡ ನಿಂತಳು. "ಏನುಂಗ, ಮೊಟ್ಟೇನಾ? ನಮ್ಮ ಮನೇಲಾ? ನಾಳೆ ಬೀದಿಯವ್ರು ನಮ್ಮನ್ನ ಪಂತೀಲಿ ಕೂರಿಸ್ತಾರಾ?"

"ಇದು ತಿನ್ನಾಕಲ್ಲಡೀ, ತತ್ತುವ! ಪಾದ್ರಿ ಎಲ್ಲಾ ಹೇಳಿದಾರೆ. ಮೇಲಿನ ಓಡು ಅಂದ್ರೆ ಏಸುಸಾಮಿ ಸಮಾಧಿ. ಕೆಂಪು ಅವರ ರಕ್ತ. ಒಳಗಿರೋದು ಹೊಸ ಉಸಿರು. ಹಬ್ಬಕ್ಕೆ ಮುಂಚೆ ಅವರಲ್ಲೂ ಉಪವಾಸ, ಹಿಂದಿನ ಕಾಲ್ದಲ್ಲಿ ಮೊಟ್ಟೆ ಮುಟ್ತಾ ಇರ್ಲಿಲ್ಲ. ಅದಕ್ಕೇ ಹಬ್ಬಕ್ಕೆ ರಾಶಿ ಮಿಕ್ಕೋದು!"

"ಬೇಯ್ಸಿ ಬಣ್ಣ ಹಾಕ್ಬೇಕಾ, ಹಸೀದಕ್ಕಾ? ಬಂಗಲೆ ಬಟ್ಲರನ್ನ ಒಂದು ಮಾತು ಕೇಳಿ."

"ಉಸಿರಿರೋದನ್ನ ಬೇಯ್ಸೋದಾ! ಪಾಪ! ಬಣ್ಣದ ಕೆಲಸ ನನಗೆ ಬಟ್ಲರ್ ಕಲಿಸ್ಬೇಕಾ?"

ಬಣ್ಣದ ನೀರನ್ನು ಚೆನ್ನಾಗಿ ಆರಿಸಿ, ಹುಣಸೆಹುಳಿ ಬೆರೆಸಿ, ಹಿತ್ತಿಲಲ್ಲಿ ಕೂಸಿಗೆ ನೀರೆರೆಯುವ ಜೋಪಾನದಿಂದ ಒಂದೊಂದನ್ನೇ ಅದ್ದಿದ. ಕುಂಕುಮವೇ ನಾಚಬೇಕು, ಅಂಥ ಕೆಂಪು!

ಹಬ್ಬದ ದಿನ ಬಂಗಲೆಯಲ್ಲಿ ಅವನಿಗೂ ಕುರ್ಚಿ ಹಾಕಿ, ಕೈಗೊಂದು ಮೊಟ್ಟೆ ಕೊಟ್ಟರು. ಅವನ ರುಮಾಲು ಒಂದು ಗೇಣು ಎತ್ತರವಾಯಿತು. ಆಟವೇನೆಂದರೆ, ಇಬ್ಬರು ಮೊಟ್ಟೆಗೆ ಮೊಟ್ಟೆ ಕುಟ್ಟಬೇಕು. ಯಾರದು ಒಡೆಯುವುದಿಲ್ಲವೋ ಅವರಿಗೆ ವರ್ಷವಿಡೀ ಅದೃಷ್ಟ. ಪಾದ್ರಿ ದೊರೆಸಾನಿಯ ಮೊಟ್ಟೆಗೆ ಕುಟ್ಟಿದರು. ಪಚಕ್! ಅವರ ಬಿಳಿ ನಿಲುವಂಗಿಯ ಮೇಲೆ ಹಳದಿ ಲೋಳೆ ಹರಿಯಿತು. ಯಾರಾದರೂ ತಡೆಯುವಷ್ಟರಲ್ಲಿ ಮಕ್ಕಳೂ ಕುಟ್ಟಿಬಿಟ್ಟಿದ್ದರು. ರೇಷ್ಮೆ ಗೌನು, ಮೇಜಿನ ಬಟ್ಟೆ, ದೊರೆಯ ಮೀಸೆ, ಯಾವುದೂ ಉಳಿಯಲಿಲ್ಲ!

"ಅಯ್ಯಾಸಾಮಿ, ಬೇಯಿಸಲೇ ಇಲ್ಲವಾ?" ದೊರೆಸಾನಿ ತನ್ನ ಹರಕುಮುರುಕು ತಮಿಳಿನಲ್ಲಿ ಕೇಳಿದಳು.

"ಒಳಗೆ ಉಸಿರಿದೆ ಅಂತ..." ಅಯ್ಯಾಸಾಮಿ ತೊದಲಿದ. ನಾಚಿಕೆಗೆ ಕಿವಿಯೆಲ್ಲ ಬಿಸಿಯಾಯಿತು. ಬಟ್ಲರನ್ನು ಕೇಳಿ ಎಂದು ಹೆಂಡತಿ ಹೇಳಿದ್ದಳಲ್ಲ! ಭೂಮಿ ಬಾಯಿ ಬಿಟ್ಟಿದ್ದರೆ ಕುರ್ಚಿಯ ಸಮೇತ ಇಳಿದುಬಿಡುತ್ತಿದ್ದ.

ದೊರೆಸಾನಿ ಮಾತ್ರ ನಗು ತಡೆಯಲಾರದೆ ಅವನ ಕೈಯತ್ತ ಬೊಟ್ಟು ಮಾಡಿದಳು. "ಒಡೆಯದೆ ಇರುವುದು ನಿಮ್ಮದೊಂದೇ! ಗೆದ್ದವರು ನೀವೇ! ಮನೆಗೆ ತೆಗೆದುಕೊಂಡು ಹೋಗಿ!"

ಗೆದ್ದವನನ್ನು ದೊರೆಯ ಕಾರಿನಲ್ಲೇ ಕಳಿಸಿದರು. ಡ್ರೈವರನ ಎದುರು ಬಿಸಾಡುವಂತಿಲ್ಲ, ಕೈಯಲ್ಲಿ ಹಿಡಿದು ಬೀದಿಯಲ್ಲಿ ಇಳಿಯುವಂತಿಲ್ಲ. ಅಯ್ಯಾಸಾಮಿ ಮೊಟ್ಟೆಯನ್ನು ರುಮಾಲಿನೊಳಗೆ ಸೇರಿಸಿದ.

ಕಾರು ಕಂಡು ಬೀದಿಗೆ ಬೀದಿಯೇ ಓಡಿಬಂತು. ಗಾಬರಿಯಲ್ಲಿ ಇಳಿಯುವಾಗ ಅವನ ತಲೆ ಕಾರಿನ ಬಾಗಿಲಿಗೆ ಬಡಿಯಿತು.

"ಏನಪ್ಪಾ, ದೊರೆಸಾನಿ ಏನ್ ಮರ್ಯಾದೆ ಮಾಡಿದ್ರು?" ಬೀದಿಯ ಹಿರಿಯ ಲಿಂಗಪ್ಪನ್ ಕೇಳಿದರು.

ಹಣೆಯ ವಿಭೂತಿಯ ಮೇಲೆ ಲೋಳೆ ನಿಧಾನವಾಗಿ ಇಳಿಯುತ್ತಿತ್ತು. ಪೆರಿಯನಾಯಕಿ ಗಂಡನನ್ನು ಮೇಲಿಂದ ಕೆಳಗೆ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಲಿಂಗಪ್ಪನ್ ಕಡೆ ತಿರುಗಿದಳು.

"ಕಾಣಲ್ವಾ ಮಾಮಾ? ಅಭಿಷೇಕಾನೇ ಮಾಡಿ ಕಳ್ಸಿದಾರೆ!"